ಕುಣಿಯೊಳಗಿಂದ

ನಂದು ಕುಣಿಮಗ್ಗ.
ನೆಲದಾಗ ತೋಡಿದ ಕುಣಿ, ಅದರೊಳಗ ನನ್ನ ಕಾಲು.
ದಿನಕ್ಕ ಹತ್ತು ತಾಸು
ನನ್ನ ಕಣ್ಣು ನೆಲದಿಂದ ಒಂದೂವರಿ ಮೊಳ ಮ್ಯಾಲ.
ಗುಳೇದಗುಡ್ಡದ ಮನಿ ಈ ಎತ್ತರದಿಂದ ಬ್ಯಾರೇನ ಕಾಣತೈತಿ:
ಟ್ರಂಕಿನ ಕೆಳಗ ಉರುಳಿದ ಗಜ್ಜುಗ,
ಒಲಿ ಕಡೆ ಹೋಗಿ ಬರೋ ಹಿಮ್ಮಡ,
ಎದುರಿಗೆ ಚಾಪಿ ಮ್ಯಾಲ, ಗ್ವಾಡಿಗೆ ಒರಗಿಸಿದ
ನನ್ನ ಮಗಳು ಶಾಕಾಂಬರಿ.
ಮೂರು ವರ್ಷ.

ಬಂದ ಮಂದಿ ಹೊಗಳೋರು,
"ಏನ್ ಶಾಣ್ಯಾ ಕೂಸವಾ, ಇಟ್ಟಲ್ಲೇ ಇರತೈತಿ."
ನಾನೂ ಹ್ಞೂಂ ಅಂತಿದ್ದೆ, ಲಾಳಿ ಒಗೀತಿದ್ದೆ.

ಒಂದಿನ ಬೆಕ್ಕಿನ ಮರಿ ಕಡೆ ಕೈ ಚಾಚಿದಳು.
ಮರಿ ಎದ್ದು ಹೋತು.
ಚಾಚಿದ ಕೈ ಹಾಂಗ ನಿಂತಿತು ಒಂದಿಷ್ಟು ಹೊತ್ತು,
ಆಮ್ಯಾಲ ತಾನ ಕೆಳಗ ಇಳೀತು.
ಅಳಲಿಲ್ಲ ಆಕಿ.
ಅಳಲಿಲ್ಲ ಅನ್ನೂದ ನನಗ ಚುಚ್ಚಿದ್ದು.
ಹಾಲು, ಬಾಚಣಿಕಿ, ದೇವರ ಬೂದಿ, ಬಂದೋರ ಕನಿಕರ
ಎಲ್ಲಾ ಆಕಿ ಹತ್ರ ಬಂದಾವ.
ಆಕಿ ಯಾವುದರ ಹತ್ರಾನೂ ಹೋಗಿಲ್ಲ.

ಬಾಗಲಕೋಟಿಯಿಂದ ಬರೋ ವ್ಯಾಯಾಮದ ಅಕ್ಕೋರಿಗೆ
ಬೆಕ್ಕಿನ ಸುದ್ದಿ ಹೇಳಿದೆ.
ನೂಲಿನ ಬಿಲ್ಲು ತಿರುವಿ ಅದರ ಬೆನ್ನಿಗೆ ಚಿತ್ರ ಬರದ್ರು:
ತಗ್ಗು ಹಲಗಿ, ಬೆನ್ನಿಗೆ ಆಸರ,
ಕೂಸಿನ ಕೈಗೆ ಸಿಗೋ ಎರಡು ಗಾಲಿ.
"ಈಗ್ಲೇ ಗಾಲಿ ಕೊಟ್ರ ಕಾಲು ಮೈಗಳ್ಳ ಆಗತಾವ,"
ನಮ್ಮತ್ತಿ ಅಂದ್ಲು.
ಅಕ್ಕೋರು ಮುಖ ಎತ್ತಲಿಲ್ಲ, ಗೆರಿ ಎಳಕೋತ,
"ಕಾಲು ಬಂದಾಗ ಬರಲಿ ಯವ್ವಾ, ಬರದಿದ್ರ ಬಿಡಲಿ.
ಅಲ್ಲಿತನಕ ಬೆಕ್ಕಿನ ಮರಿ ಕುಂತಿರತೈತೇನು?"

ಲಾಡ್ಲೇಸಾಬನ ವೆಲ್ಡಿಂಗ್ ಅಂಗಡಿ.
ಅಳಿಯನ ಸಣ್ಣ ಸೈಕಲ್ಲಿನ ಗಾಲಿ ಎರಡು,
ಮುಂದ ತಿರುಗಾಕ ಹಳೇ ಕುರ್ಚಿದೊಂದು,
ನಮ್ಮಪ್ಪನ ಮಗ್ಗದ ಹಲಗಿ.
ಮೆತ್ತಗ ಇರಲಿ ಅಂತ ಖಣದ ತುಂಡು ಹೊಲಿದ್ವಿ,
ಆನಿಹೆಜ್ಜಿ ಚಿತ್ತಾರದ್ದು.
ರೊಕ್ಕ ಎಷ್ಟು ಅಂದ್ರ "ಮದಲ ಓಡಲಿ" ಅಂದ.

ಮೊದಲನೇ ದಿನ ನಾಕು ಬೆರಳು ಸರೀತು.
ಗ್ವಾಡಿ ಹಿಂದ ಹೋತು ಅಂತ ತಿಳಿದಳೇನೋ,
ಬೆರಗಾಗಿ ಗ್ವಾಡಿ ನೋಡಿದಳು.
ಮತ್ತೊಮ್ಮೆ ನೂಕಿದಳು.
ಗ್ವಾಡಿ ಅಲ್ಲ.
ತಾನು.

ಆ ಮುಖ ನಾ ನೇಯಲಾರೆ, ಬಿಡ್ರಿ.

ಹೊಸ್ತಿಲಿಗೆ ಗಾಲಿ ಸಿಕ್ಕಿತು. ಚೀರಿದಳು.
ದ್ರಾಕ್ಷಾಯಣಿ ಎತ್ತಾಕ ಓಡಿದಳು,
ನಾ ಕುಣ್ಯಾಗಿಂದ ಕೈ ಮಾಡಿ ತಡದೆ.
ಕಣ್ಣಾಗ ಕೆಂಡ ಇಟಗೊಂಡು ನಿಂತಳು ಹೆಂಡತಿ,
ಸೊಂಟ ಒಂದು ಕಡೆ ವಾಲಿತ್ತು,
ಇಲ್ಲದ ಕೂಸನ್ನ ಹೊತ್ತಾಂಗ.
ರಾತ್ರಿ ಹೊಸ್ತಿಲಿಗೆ ಇಳಿಜಾರು ಹಲಗಿ ಬಡದೆ.
ಉಂಡಿರಲಿಲ್ಲ, ಉಣ್ಣಾಕ ಕರೆದೂ ಇರಲಿಲ್ಲ.

ಐದನೇ ದಿನ, ನಾ ನೀರು ಕುಡಿಯಾಕ ಎದ್ದ ಹೊತ್ತಿನಾಗ
ಮಗ್ಗದ ಹತ್ರ ಬಂದು
ಹಾಸಿಗೆ ಮುಷ್ಟಿ ಹಾಕಿ ಜಗ್ಗಿದಳು.
ನಲವತ್ತೋ ಐವತ್ತೋ ಎಳಿ. ಅರ್ಧ ದಿನದ ಕೂಲಿ.
ಬೈದೆ. ಓಣಿಗೆ ಕೇಳೋಹಾಂಗ ಬೈದೆ.
ಬೈದ ಮ್ಯಾಲ ಹೊಳೀತು,
ಈ ಕೂಸಿಗೆ ಇಲ್ಲಿತನಕ ಯಾರೂ ಬೈದಿಲ್ಲ.
ಬೈಸಿಕೊಳ್ಳಾಕೂ ಎಲ್ಲೆರ ಹೋಗಬೇಕಲ್ಲ.

ತುಟಿ ಉಬ್ಬಿಸಿದಳು.
ಗಾಡಿ ತಿರುವಾಕ ಹತ್ತಿದಳು, ಮುಂದಿನ ಗಾಲಿ ಅಡ್ಡಾತು,
ಹಿಂದ ತಗದಳು, ಮತ್ತ ತಿರುವಿದಳು.
ನನಗ ಬೆನ್ನು ಹಾಕಿ
ಸಿಟ್ಟು ಮಾಡಕೊಂಡು ಹೋದಳು.

ಹರದ ಎಳಿ ಒಂದೊಂದ ಕೂಡಿಸಕೋತ ಕುಂತೆ.
ಹತ್ತೊಂಬತ್ತಕ್ಕ ಲೆಕ್ಕ ತಪ್ಪಿತು.

ಹಿತ್ತಲದಿಂದ ಬಂದ ದ್ರಾಕ್ಷಾಯಣಿ ಚಾಪಿ ನೋಡಿ,
"ಶಾಕವ್ವ ಎಲ್ಲಿ?" ಅಂದ್ಲು.
ಈ ಮನ್ಯಾಗ ಯಾರೂ ಎಂದೂ ಕೇಳಬೇಕಾಗಿರದ ಮಾತು.
ಕುಣ್ಯಾಗ ಕುಂತೋನಿಗೆ ಬಾಗಲದ ಆಚೆ ಕಾಣೂದಿಲ್ಲ.
"ಗೊತ್ತಿಲ್ಲ" ಅಂದೆ.

ಓಣ್ಯಾಗ ಯಾವುದೋ ಬೆಕ್ಕು ಒದರಿತು.